ಭೂದಾನದಿಂದ ಭೂನ್ಯಾಸಕ್ಕೆ

ಬೌದ್ಧಿಕ ಬೆಳವಣಿಗೆಯಲ್ಲಿ ಕೊರತೆಯುಳ್ಳ ಮಗನನ್ನೋ ಮಗಳನ್ನೋ ಸಾಕಿದ ತಂದೆತಾಯಿಗಳು ವಯಸ್ಸಾಗುತ್ತ ಬಂದಂತೆ ಒಂದೇ ಪ್ರಶ್ನೆಯನ್ನು ಕೇಳುತ್ತಾರೆ: ನಮ್ಮ ತರುವಾಯ ಈ ಮಗುವಿನ ಗತಿಯೇನು? ಆ ‘ಮಗು’ವಿಗೆ ಆಗಲೇ ನಲವತ್ತು ವರ್ಷವಾಗಿರುತ್ತದೆ. ಮನೆಯನ್ನು ಅಣ್ಣನ ಹೆಸರಿಗೆ ಬರೆದು, ತಮ್ಮನನ್ನು ಕೊನೆಯವರೆಗೆ ನೋಡಿಕೊಳ್ಳಬೇಕೆಂದು ಬಾಯಿಮಾತಿನಲ್ಲಿ ಹೇಳುವುದು ನಮ್ಮಲ್ಲಿ ರೂಢಿ. ಅಣ್ಣ ಒಳ್ಳೆಯವನೇ ಇರಬಹುದು. ಆದರೆ ಅಣ್ಣನೂ ಮುದುಕನಾಗುತ್ತಾನೆ, ಸಾಲಗಾರನಾಗುತ್ತಾನೆ, ಊರು ಬಿಡುತ್ತಾನೆ. ಈ ಪ್ರಶ್ನೆಗೆ ಅಮೆರಿಕದಲ್ಲಿ ರೂಪುಗೊಂಡ ಉತ್ತರವೊಂದರ ಬೇರು ನಮ್ಮ ದೇಶದ ಮಣ್ಣಿನಲ್ಲೇ ಇದೆಯೆಂಬುದು ಅನೇಕರಿಗೆ ತಿಳಿಯದು.

1951ರ ಏಪ್ರಿಲ್ 18ರಂದು ತೆಲಂಗಾಣದ ಪೋಚಂಪಳ್ಳಿಯಲ್ಲಿ ಭೂಹೀನ ದಲಿತ ಕುಟುಂಬಗಳು ವಿನೋಬಾ ಭಾವೆಯವರ ಮುಂದೆ ನೆಲಕ್ಕಾಗಿ ಬೇಡಿದಾಗ ರಾಮಚಂದ್ರ ರೆಡ್ಡಿಯವರು 100 ಎಕರೆಯನ್ನು ಕೊಡಮುಂದಾದರು. ಭೂದಾನ ಆರಂಭವಾದದ್ದು ಹೀಗೆ. ಮುಂದೆ ದೊರೆತ ನೆಲ 40 ಲಕ್ಷ ಎಕರೆಯನ್ನು ಮೀರಿತಾದರೂ ಬಹುಭಾಗ ಕೃಷಿಗೆ ಒದಗದೆ ಅಥವಾ ಹಂಚಿಕೆಯಾಗದೆ ಉಳಿಯಿತು. ಹಂಚಿದ್ದನ್ನು ಸಾಲಕ್ಕೆ ಕಳೆದುಕೊಂಡವರೂ ಇದ್ದರು. ಈ ಅನುಭವದ ನಡುವೆ ಬೆಳೆದದ್ದು ಗ್ರಾಮದಾನದ ವಿಚಾರ: ಒಡೆತನ ಗ್ರಾಮಕ್ಕೆ, ಉಳುಮೆ ಕುಟುಂಬಕ್ಕೆ. 1957ರ ಸೆಪ್ಟೆಂಬರಿನಲ್ಲಿ ಮೈಸೂರಿನ ಸಮೀಪದ ಇಲವಾಲದಲ್ಲಿ ನೆಹರೂ ಅವರನ್ನೊಳಗೊಂಡು ನಾನಾ ಪಕ್ಷಗಳ ಮುಖಂಡರು ಸೇರಿ ಇದನ್ನು ಅನುಮೋದಿಸಿದರು.

ರಾಲ್ಫ್ ಬೋರ್ಸೋಡಿ ಮತ್ತು ರಾಬರ್ಟ್ ಸ್ವಾನ್ ಎಂಬ ಅಮೆರಿಕನ್ನರು ಈ ಗ್ರಾಮದಾನದಿಂದ ಪ್ರೇರಣೆ ಪಡೆದವರು. ಸ್ವಾನ್ ಅವರೂ ಜಾರ್ಜಿಯಾ ರಾಜ್ಯದ ಕರಿಯರ ನಾಗರಿಕ ಹಕ್ಕು ಹೋರಾಟಗಾರರಾದ ಸ್ಲೇಟರ್ ಕಿಂಗ್, ಚಾರ್ಲ್ಸ್ ಶೆರಾಡ್ ಮೊದಲಾದವರೂ ಸೇರಿ 1969ರಲ್ಲಿ ‘ನ್ಯೂ ಕಮ್ಯುನಿಟೀಸ್’ ಸಂಸ್ಥೆಯನ್ನು ಕಟ್ಟಿದರು. ಮತದಾನದ ಹಕ್ಕು ಕೇಳಿದ ತಪ್ಪಿಗೆ ಗೇಣಿಭೂಮಿಯಿಂದ ಹೊರದೂಡಲ್ಪಟ್ಟವರಿಗೆ ನೆಲೆ ಒದಗಿಸುವುದು ಅದರ ಉದ್ದೇಶ. ಸುಮಾರು 5,700 ಎಕರೆ ಕೊಂಡರು. ಸಮುದಾಯ ಭೂನ್ಯಾಸದ ಮೊದಲ ಮಾದರಿ ಇದು.

ಇಂತಹ ನ್ಯಾಸದ ವ್ಯವಸ್ಥೆ ಸರಳ. ನೆಲ ಎಂದೆಂದಿಗೂ ನ್ಯಾಸದ್ದು. ಮೇಲಿನ ಮನೆ ವಾಸಿಸುವವನದು ಅಥವಾ ಮನೆ ನಡೆಸುವ ಸಂಸ್ಥೆಯದು. ನೆಲವನ್ನು ಸಾಮಾನ್ಯವಾಗಿ 99 ವರ್ಷದ ಗುತ್ತಿಗೆಗೆ ಕೊಡುತ್ತಾರೆ. ಮನೆ ಮಾರುವಾಗ ಬೆಲೆ ಎಷ್ಟಕ್ಕೆ ಏರಬಹುದೆಂಬುದನ್ನು ಪತ್ರವೇ ಕಟ್ಟುಮಾಡುತ್ತದೆ. ವಿಶ್ವಸ್ಥ ಮಂಡಳಿಯಲ್ಲಿ ನಿವಾಸಿಗಳು, ನೆರೆಯವರು, ಸಾರ್ವಜನಿಕ ಹಿತ ಬಲ್ಲವರು ಮೂರರಲ್ಲೊಂದು ಪಾಲಿನಂತೆ ಕೂರುತ್ತಾರೆ. ಬಸದಿಗಳಿಗೆ ಬಿಟ್ಟ ದತ್ತಿಭೂಮಿಯ ಶಾಸನಗಳನ್ನು ಓದಿದವರಿಗೆ ಇದು ಅಪರಿಚಿತವೆನಿಸದು. ಅಲ್ಲಿ ಕೊನೆಯ ಶಾಪವಾಕ್ಯಗಳು ಮಾಡುವ ಕೆಲಸವನ್ನು ಇಲ್ಲಿ ಗುತ್ತಿಗೆಯ ಷರತ್ತುಗಳು ಮಾಡುತ್ತವೆ.

ಇದೇ ಕಾಲದಲ್ಲಿ ಅಮೆರಿಕದ ಬೌದ್ಧಿಕ ನ್ಯೂನತೆಯುಳ್ಳವರು ದೊಡ್ಡ ಸರ್ಕಾರಿ ನಿಲಯಗಳಲ್ಲಿ ಕೊಳೆಯುತ್ತಿದ್ದರು. ನ್ಯೂಯಾರ್ಕಿನ ವಿಲೋಬ್ರುಕ್‌ನಲ್ಲಿ 4,000 ಜನರ ಸ್ಥಳದಲ್ಲಿ 6,000 ಜನರಿದ್ದರು. 1972ರಲ್ಲಿ ದೂರದರ್ಶನ ವರದಿಯೊಂದು ಅಲ್ಲಿಯ ನರಕವನ್ನು ತೋರಿಸಿತು. 1975ರಲ್ಲಿ ನ್ಯಾಯಾಲಯದ ಮುಂದೆ ಒಪ್ಪಂದವಾಯಿತು. 1987ರಲ್ಲಿ ಬಾಗಿಲು ಮುಚ್ಚಿತು. ಮುಂದೆ ಅದೇ ಜಾರ್ಜಿಯಾದ ಆಸ್ಪತ್ರೆಯಲ್ಲಿ ಅಕಾರಣವಾಗಿ ಉಳಿಸಿಕೊಳ್ಳಲ್ಪಟ್ಟಿದ್ದ ಲೋಯಿಸ್ ಕರ್ಟಿಸ್, ಎಲೇನ್ ವಿಲ್ಸನ್ ಎಂಬಿಬ್ಬರು ಸ್ತ್ರೀಯರ ಮೊಕದ್ದಮೆಯಲ್ಲಿ, ಸಮಾಜದಿಂದ ನಿಷ್ಕಾರಣವಾಗಿ ಬೇರ್ಪಡಿಸುವುದೇ ತಾರತಮ್ಯವೆಂದು ಅಲ್ಲಿಯ ಸುಪ್ರೀಂ ಕೋರ್ಟು 1999ರಲ್ಲಿ ತೀರ್ಪಿತ್ತಿತು.

ನಿಲಯದಿಂದ ಹೊರಬಂದವರು ಇರುವುದೆಲ್ಲಿ? ಭೂನ್ಯಾಸದ ವಿಚಾರ ಈ ಕಥೆಯೊಡನೆ ಕೂಡುವುದು ಈ ಪ್ರಶ್ನೆಯಲ್ಲಿ. 1990ರ ಅಮೆರಿಕದ ಶಾಸನವೊಂದು ಇಂತಹವರ ವಸತಿಗೆ ಮರುಪಾವತಿಯಿಲ್ಲದ ಬಂಡವಾಳ ಕೊಡುವಾಗ 40 ವರ್ಷ ಅದೇ ಉದ್ದೇಶಕ್ಕೆ ಬಳಸಬೇಕೆಂದು ವಿಧಿಸಿತು. ಉದಾರವೇ ಸರಿ. ಆದರೆ 25ನೆಯ ವಯಸ್ಸಿನಲ್ಲಿ ಬಂದವನಿಗೆ, ಮನೆ ಬೇರೆಲ್ಲ ಕಾಲಕ್ಕಿಂತ ಹೆಚ್ಚು ಬೇಕಾದ 65ರಲ್ಲಿ ಆ ಕಟ್ಟು ಸಡಿಲುತ್ತದೆ. ನೆಲ ನ್ಯಾಸದಲ್ಲಿದ್ದರೆ ಈ ಗಡುವಿನ ಭಯವಿಲ್ಲ. ವರ್ಮಾಂಟಿನ ಬರ್ಲಿಂಗ್ಟನ್ ನಗರದಲ್ಲಿ 1984ರಲ್ಲಿ ಹುಟ್ಟಿದ ಭೂನ್ಯಾಸವು ಇಂದು ಚಾಂಪ್ಲೇನ್ ಹೌಸಿಂಗ್ ಟ್ರಸ್ಟ್ ಎಂಬ ಹೆಸರಿನಲ್ಲಿ, ಸ್ವಂತ ಮನೆಗಳ ಜೊತೆಗೆ ಬಾಡಿಗೆ ಮನೆಗಳನ್ನೂ ವಿಶೇಷ ಆರೈಕೆ ಬೇಕಾದವರ ವಸತಿಯನ್ನೂ ಒದಗಿಸುತ್ತಿದೆ.

ಇನ್ನೊಂದು ಸೂಕ್ಷ್ಮವಿದೆ, ನನ್ನ ದೃಷ್ಟಿಯಲ್ಲಿ ಇದೇ ಮುಖ್ಯ. ಮನೆಯ ಒಡೆಯನೂ ಆರೈಕೆ ಮಾಡುವವನೂ ಒಬ್ಬನೇ ಆಗಬಾರದು. ಒಬ್ಬನೇ ಆದಲ್ಲಿ, ಆರೈಕೆಯ ಬಗ್ಗೆ ದೂರು ಹೇಳಿದ ನಿವಾಸಿಗೆ ಮನೆಯೂ ಹೋದೀತೆಂಬ ಅಂಜಿಕೆ. ಬೇರೆಬೇರೆಯಾದಲ್ಲಿ ಕೆಟ್ಟ ಪರಿಚಾರಕರನ್ನು ಬಿಟ್ಟು ಬೇರೆಯವರನ್ನು ಕರೆಸಿಕೊಳ್ಳಬಹುದು, ಹಾಸಿಗೆ ಇದ್ದಲ್ಲೇ ಇರುತ್ತದೆ. ಅನಾಥಾಲಯ, ಆಶ್ರಮಗಳನ್ನು ಕಟ್ಟಿಸುವ ನಮ್ಮ ದಾನಿಗಳು ಈ ಭೇದವನ್ನು ಸಾಮಾನ್ಯವಾಗಿ ಎಣಿಸುವುದಿಲ್ಲ.

ನ್ಯಾಸವೆಂಬ ಹೆಸರೊಂದೇ ನೆಲವನ್ನು ಕಾಯುವುದೂ ಇಲ್ಲ. ನ್ಯೂ ಕಮ್ಯುನಿಟೀಸ್ ಸಾಲ ಮಾಡಿ ನೆಲ ಕೊಂಡಿತ್ತು. ಬರಗಾಲ ಬಂದಾಗ, ಬಿಳಿಯ ರೈತರಿಗೆ ದೊರೆತ ಸರ್ಕಾರಿ ತುರ್ತುಸಾಲ ಇವರಿಗೆ ಸಕಾಲದಲ್ಲಿ ದೊರೆಯಲಿಲ್ಲ. 1985ರಲ್ಲಿ ಅಷ್ಟೂ ನೆಲ ಸಾಲಕ್ಕೆ ಹೋಯಿತು. ತಾರತಮ್ಯ ನಡೆದದ್ದು ನಿಜವೆಂದು ಒಪ್ಪಿ ಸುಮಾರು 120 ಲಕ್ಷ ಡಾಲರ್ ಪರಿಹಾರ ಬಂದದ್ದು 2009ರಲ್ಲಿ. 2011ರಲ್ಲಿ ಅವರು 1,638 ಎಕರೆಯ ತೋಟವೊಂದನ್ನು ಕೊಂಡರು. ಹಿಂದೊಮ್ಮೆ ಅದು ಗುಲಾಮರ ಒಡೆಯನದಾಗಿತ್ತು.

ನಮ್ಮ ದೇಶದಲ್ಲಿ ಪಾಲಕರ ಹೋರಾಟದ ಫಲವಾಗಿ 1999ರಲ್ಲೇ ರಾಷ್ಟ್ರೀಯ ನ್ಯಾಸ ಅಧಿನಿಯಮ ಬಂದಿದೆ. ಹದಿನೆಂಟು ದಾಟಿದವರಿಗೆ ಅಗತ್ಯವಿದ್ದಲ್ಲಿ ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿ ಪೋಷಕರನ್ನು ನೇಮಿಸುತ್ತದೆ. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು. ಬಸದಿಯ ಪಕ್ಕದ ನಿವೇಶನವೊಂದನ್ನು ಇಂತಹ ಮನೆಗೆ ಬಿಡಬಯಸುವ ಧರ್ಮದರ್ಶಿಗಳು ವಕೀಲರೊಡನೆ ಕುಳಿತಾಗ ಮೊದಲು ಕೇಳಬೇಕಾದದ್ದು: ಈ ಪತ್ರದಲ್ಲಿ ನಿವಾಸಿಯ ಹೆಸರು ಎಲ್ಲಿದೆ, ಮತ್ತು ನೆಲವನ್ನು ಅಡಮಾನವಿಡುವ ಅಧಿಕಾರ ಯಾರಿಗಿದೆ?