ಕಾಂಗೋ ನದಿಯ ಆಚೆ ದಡದ ನಂಟರು

ಬೆಲ್ಜಿಯಂನ ಟೆರ್ವುರೆನ್ ವಸ್ತುಸಂಗ್ರಹಾಲಯದಲ್ಲಿ ಕಾಂಗೋದಿಂದ ಬಂದ ಒಂದು ಪುಟ್ಟ ತಲೆಬುರುಡೆಯಿತ್ತು. ಗಾತ್ರ ನೋಡಿದವರು ಅದನ್ನು ಮರಿ ಚಿಂಪಾಂಜಿಯದೆಂದೇ ತಿಳಿಯುತ್ತಿದ್ದರು. ಆದರೆ ಅದರ ಮೂಳೆಗಳು ಪೂರ್ತಿ ಬಲಿತು ಕೂಡಿಕೊಂಡಿದ್ದವು. 1929ರಲ್ಲಿ ಜರ್ಮನಿಯ ಅಂಗರಚನಾ ತಜ್ಞ ಅರ್ನ್ಸ್ಟ್ ಶ್ವಾರ್ಟ್ಸ್ ಇದನ್ನು ಚಿಂಪಾಂಜಿಯ ಉಪಪ್ರಭೇದವೆಂದು ವರ್ಣಿಸಿದರು. ನಾಲ್ಕು ವರ್ಷಗಳ ನಂತರ ಅಮೆರಿಕದ ಹೆರಾಲ್ಡ್ ಕೂಲಿಜ್ ಇದು ಬೇರೆಯೇ ಪ್ರಭೇದವೆಂದು ಸಾಧಿಸಿದರು. ಇಂದು ನಾವು ಬೊನೊಬೊ ಎನ್ನುವುದು ಇದನ್ನೇ. ನಮಗೆ ಅತಿ ಹತ್ತಿರದ ಎರಡು ಜೀವಿಗಳಲ್ಲಿ ಒಂದನ್ನು ವಿಜ್ಞಾನ ಗುರುತಿಸಿದ್ದು ಇಷ್ಟು ತಡವಾಗಿ.

ಅದಕ್ಕೂ ಮೊದಲೇ ಒಂದು ಬೊನೊಬೊ ವಿಜ್ಞಾನಿಯೊಬ್ಬರ ಮನೆಯಲ್ಲಿ ಬದುಕಿ ಹೋಗಿತ್ತು. 1923ರಲ್ಲಿ ಮನಶ್ಶಾಸ್ತ್ರಜ್ಞ ರಾಬರ್ಟ್ ಯರ್ಕೀಸ್ ಎರಡು ಎಳೆಯ ವಾನರಗಳನ್ನು ಕೊಂಡಿದ್ದರು. ಅವುಗಳಲ್ಲಿ 'ಪ್ರಿನ್ಸ್ ಚಿಮ್' ಎಂಬುದರ ಬುದ್ಧಿ, ಸೌಮ್ಯತೆ, ಕಾಯಿಲೆಬಿದ್ದ ಸಂಗಾತಿಯ ಮೇಲಿನ ಅದರ ಕಾಳಜಿ ಕಂಡು ಅವರು ಬೆರಗಾದರು. ಅಸಾಧಾರಣ ಚಿಂಪಾಂಜಿ ಎಂದು ಅವರು ಕೊಂಡಾಡಿದ ಆ ಜೀವಿ ಬೊನೊಬೊ ಆಗಿತ್ತೆಂದು ಗೊತ್ತಾದದ್ದು ಅದು ಸತ್ತ ಎಷ್ಟೋ ವರ್ಷಗಳ ಮೇಲೆ.

ಮ್ಯೂನಿಕ್‌ನ ಹೆಲ್ಲಬ್ರುನ್ ಮೃಗಾಲಯದಲ್ಲಿದ್ದ ಬೊನೊಬೊಗಳು ಎರಡನೆಯ ಮಹಾಯುದ್ಧದ ಬಾಂಬ್ ದಾಳಿಯ ಸದ್ದಿಗೇ ಹೆದರಿ ಸತ್ತವು. ಅಲ್ಲಿನ ಚಿಂಪಾಂಜಿಗಳು ಉಳಿದವು. ಆ ಬೊನೊಬೊಗಳನ್ನು ಗಮನಿಸಿದ್ದ ಎಡ್ವರ್ಡ್ ಟ್ರಾಟ್ಸ್ ಮತ್ತು ಹೈನ್ಸ್ ಹೆಕ್ 1954ರಲ್ಲಿ 'ಬೊನೊಬೊ' ಎಂಬ ಹೆಸರನ್ನು ಮುಂದಿಟ್ಟರು. ಕಾಂಗೋ ದಂಡೆಯ ಬೊಲೊಬೊ ಊರಿನ ಹೆಸರೇ ತಪ್ಪಾಗಿ ಬರೆದು ಹೀಗಾಗಿರಬೇಕೆಂದು ಹೇಳುತ್ತಾರೆ. ಕೂಡುವಿಕೆ, ಸ್ವರ, ಸ್ವಭಾವ ಎಲ್ಲದರಲ್ಲೂ ಇದು ಚಿಂಪಾಂಜಿಗಿಂತ ಬೇರೆ ಎಂದು ಅವರು ಬರೆದದ್ದನ್ನು ಬಹುಕಾಲ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನನ್ನ ಮಟ್ಟಿಗೆ ಈ ಕ್ಷೇತ್ರದ ನಿಜವಾದ ಆರಂಭ ಒಂದು ಸೈಕಲ್ ಸವಾರಿ. 1973ರಲ್ಲಿ ಕ್ಯೋಟೊ ವಿಶ್ವವಿದ್ಯಾಲಯದ ತಕಯೋಶಿ ಕಾನೊ ಕಾಂಗೋ ನದಿಯ ದಕ್ಷಿಣದ ಕಾಡಿನಲ್ಲಿ ಹಳ್ಳಿಯಿಂದ ಹಳ್ಳಿಗೆ ಸೈಕಲ್ ತುಳಿಯುತ್ತ ಬೊನೊಬೊಗಳನ್ನು ವಿಚಾರಿಸಿಕೊಂಡು ಹೋದರು. ಕೊನೆಗೆ ನೆಲೆಯೂರಿದ್ದು ವಾಂಬಾದಲ್ಲಿ. ಅಲ್ಲಿನ ಬೊಂಗಾಂಡೊ ಜನ ಬೊನೊಬೊಗಳನ್ನು ತಮ್ಮ ಬಂಧುಗಳೆಂದು ಬಗೆದು ತಿನ್ನುತ್ತಿರಲಿಲ್ಲ. ಹಾಗಾಗಿ ಅಲ್ಲಿನ ವಾನರಗಳಿಗೆ ಮನುಷ್ಯರ ಭಯ ಕಡಿಮೆಯಿತ್ತು. ವಿಜ್ಞಾನಕ್ಕಿಂತ ಮೊದಲು ಆ ಜೀವಿಯನ್ನು ಕಾಪಾಡಿದ್ದು ಈ ಹಳ್ಳಿಗರ ನಂಬಿಕೆ ಎಂಬುದನ್ನು ಬೊನೊಬೊ ಕುರಿತು ಬರೆಯುವವರೆಲ್ಲ ನೆನೆಯಬೇಕು. ಕಬ್ಬಿನ ಜಲ್ಲೆಗಳನ್ನಿಟ್ಟು ಕಾದು ಕೂತ ಕಾನೊ ಮತ್ತು ಸಂಗಡಿಗರಿಗೆ ಕಂಡದ್ದು ತಲೆಕೆಳಗಾದ ಲೋಕ. ಬೆಳೆದ ಹೆಣ್ಣುಗಳು ತವರು ಗುಂಪು ಬಿಟ್ಟು ಪರಗುಂಪಿಗೆ ಹೋಗುತ್ತವೆ. ಅಲ್ಲಿ ರಕ್ತಸಂಬಂಧವಿಲ್ಲದ ಹಿರಿಯ ಹೆಣ್ಣುಗಳ ಜೊತೆ ಸ್ನೇಹ ಬೆಳೆಸಿ ನೆಲೆ ಕಂಡುಕೊಳ್ಳುತ್ತವೆ. ಗಂಡುಮಕ್ಕಳು ಬೆಳೆದ ಮೇಲೂ ತಾಯಿಯ ಬಳಿಯೇ ಇರುತ್ತವೆ, ತಾಯಿಯ ಸ್ಥಾನವೇ ಅವುಗಳ ಸ್ಥಾನ. ತಾಯಿ ಗುಂಪಿನಲ್ಲಿರುವ ಗಂಡಿಗೆ ಮರಿಗಳಾಗುವ ಸಾಧ್ಯತೆ ಸುಮಾರು 3 ಪಟ್ಟು ಹೆಚ್ಚು ಎಂಬುದು 2019ರ ಅಧ್ಯಯನವೊಂದರಲ್ಲಿ ತಿಳಿದುಬಂತು.

1980ರ ದಶಕದಲ್ಲಿ ಸ್ಯಾನ್ ಡಿಯಾಗೊ ಮೃಗಾಲಯದಲ್ಲಿ ವಾನರತಜ್ಞ ಫ್ರಾನ್ಸ್ ಡಿ ವಾಲ್ ನಡೆಸಿದ ಅಧ್ಯಯನ ಬೊನೊಬೊಗಳನ್ನು ಮನೆಮಾತಾಗಿಸಿತು. ಆಹಾರ ಕಂಡಾಗ, ಜಗಳದ ಮುಂಚೆ, ಜಗಳದ ನಂತರ, ಗಂಡುಹೆಣ್ಣು ಭೇದವಿಲ್ಲದೆ ಲೈಂಗಿಕ ಸ್ಪರ್ಶದ ಮೂಲಕ ಅವು ಉದ್ವೇಗ ಇಳಿಸಿಕೊಳ್ಳುತ್ತಿದ್ದವು. ಎಮಿ ಪ್ಯಾರಿಶ್ ಹೆಣ್ಣುಗಳ ಒಕ್ಕೂಟದ ಬಲವನ್ನು ಎತ್ತಿ ತೋರಿಸಿದರು. ಪತ್ರಿಕೆಗಳಿಗೆ ಮಾತ್ರ ಲೈಂಗಿಕತೆಯೇ ಸಾಕಾಯಿತು. 'ಹಿಪ್ಪಿ ವಾನರ' ಎಂಬ ಹಣೆಪಟ್ಟಿ ಅಂಟಿತು, ಶಾಂತಿ ಬಯಸುವವರೆಲ್ಲ ಆ ಕಾಡಿನಲ್ಲಿ ತಮ್ಮ ಕನಸನ್ನು ನೆಟ್ಟರು. ಇದೇ ಕಾಲಕ್ಕೆ ಅಮೆರಿಕದಲ್ಲಿ ಸೂ ಸ್ಯಾವೇಜ್-ರಂಬಾ ಅವರ ಬಳಿ, ಸಾಕುತಾಯಿಗೆ ಪಾಠ ನಡೆಯುತ್ತಿದ್ದಾಗ ಪಕ್ಕದಲ್ಲಿ ಆಡಿಕೊಂಡಿದ್ದ ಕಾಂಜಿ ಎಂಬ ಬೊನೊಬೊ ಮರಿ ತಾನಾಗಿಯೇ ಚಿಹ್ನೆಗಳ ಭಾಷೆ ಕಲಿತು ಬೆರಗು ಹುಟ್ಟಿಸಿತು. ಕಾಂಜಿ 2025ರ ಮಾರ್ಚ್‌ನಲ್ಲಿ, 44ನೆಯ ವಯಸ್ಸಿನಲ್ಲಿ ತೀರಿಕೊಂಡಿತು.

ಆ ಶಾಂತಿಯ ಕನಸನ್ನು ತಿದ್ದಿದ್ದು ಮತ್ತೆ ಕಾಡೇ. ಗಾಟ್‌ಫ್ರೀಡ್ ಹೋಮಾನ್ ಮತ್ತು ಬಾರ್ಬರಾ ಫ್ರುಟ್ ಆರಂಭಿಸಿದ ಲುಯಿಕೊಟಾಲೆ ಸಂಶೋಧನಾ ನೆಲೆಯಲ್ಲಿ ಬೊನೊಬೊಗಳು ಮಂಗಗಳನ್ನು ಬೇಟೆಯಾಡಿ ತಿನ್ನುವುದು 2008ರಲ್ಲಿ ವರದಿಯಾಯಿತು. ಕಾಂಗೋದ ಕೊಕೊಲೊಪೊರಿ ಕಾಡಿನ ಗಂಡು ಬೊನೊಬೊಗಳು ಟಾಂಜಾನಿಯಾದ ಗೊಂಬೆ ಕಾಡಿನ ಗಂಡು ಚಿಂಪಾಂಜಿಗಳಿಗಿಂತ ಹೆಚ್ಚು ಬಾರಿ ಪರಸ್ಪರ ಜಗಳವಾಡುತ್ತವೆಂದು 2024ರ ಅಧ್ಯಯನ ತೋರಿಸಿತು. ಆದರೆ ಚಿಂಪಾಂಜಿಗಳ ಹಾಗೆ ಗುಂಪುಕಟ್ಟಿ ಕೊಲ್ಲುವ ಅಭ್ಯಾಸ ಇವಕ್ಕಿಲ್ಲ. ಹೆಣ್ಣುಗಳ ಮೇಲೆ ಗಂಡುಗಳ ದಬ್ಬಾಳಿಕೆಯೂ ಅಪರೂಪ. 2025ರಲ್ಲಿ ಮಾರ್ಟಿನ್ ಸರ್ಬೆಕ್ ಮತ್ತು ಜೊತೆಗಾರರು 6 ಗುಂಪುಗಳ ಸುಮಾರು 30 ವರ್ಷಗಳ ದಾಖಲೆ ಕಲೆಹಾಕಿ ಪ್ರಕಟಿಸಿದರು. ಹೆಣ್ಣುಗಳು ಒಗ್ಗೂಡಿದ ಸಂದರ್ಭಗಳಲ್ಲಿ ಶೇಕಡಾ 85ರಷ್ಟು ಗಂಡುಗಳ ವಿರುದ್ಧವೇ ಆಗಿದ್ದವು. ಗಂಡು ತುಸು ದೊಡ್ಡದು, ಬಲಶಾಲಿ. ಹೆಣ್ಣಿನ ಮೇಲುಗೈ ದೇಹಬಲದಿಂದ ಬಂದದ್ದಲ್ಲ, ಒಗ್ಗಟ್ಟಿನಿಂದ ಬಂದದ್ದು. ಬೊನೊಬೊ ಶಾಂತಿ ಹುಟ್ಟುಗುಣದ ಸಾಧುತನವಲ್ಲ, ದಿನನಿತ್ಯ ಕಾಯ್ದುಕೊಳ್ಳಬೇಕಾದ ವ್ಯವಸ್ಥೆ. ಈ ಕ್ಷೇತ್ರ ಕಲಿತ ಪಾಠಗಳಲ್ಲಿ ಇದಕ್ಕಿಂತ ದೊಡ್ಡದು ನನಗೆ ಕಾಣುವುದಿಲ್ಲ.

ಗುಂಪಿನಾಚೆಗೂ ಈ ಕೊಡುಕೊಳ್ಳುವಿಕೆ ಉಂಟು. ಕೊಕೊಲೊಪೊರಿಯಲ್ಲಿ ಎರಡು ನೆರೆಗುಂಪುಗಳು ಭೇಟಿಯಾಗಿ ಒಂದರ ಮೈ ಇನ್ನೊಂದು ಹೆಕ್ಕಿ, ಹಣ್ಣು ಹಂಚಿಕೊಂಡಿರುವುದನ್ನು 2023ರಲ್ಲಿ ಲಿರಾನ್ ಸಮುನಿ ಮತ್ತು ಸರ್ಬೆಕ್ ದಾಖಲಿಸಿದರು. ವಾಂಬಾದಲ್ಲಿ ಪರಗುಂಪಿನ ಮರಿಯನ್ನು ದತ್ತು ತೆಗೆದುಕೊಂಡ ಹೆಣ್ಣುಗಳೂ ಇವೆ.

2012ರಲ್ಲಿ ಲೈಪ್‌ಜಿಗ್ ಮೃಗಾಲಯದ ಉಲಿಂಡಿ ಎಂಬ ಹೆಣ್ಣಿನ ಜೀನೋಮ್ ಓದಿದಾಗ ನಮ್ಮದರೊಂದಿಗೆ ಶೇಕಡಾ 98.7ರಷ್ಟು ಹೊಂದಿಕೆ ಕಂಡಿತು. ಚಿಂಪಾಂಜಿಯಿಂದ ಬೊನೊಬೊ ಬೇರ್ಪಟ್ಟು 10ರಿಂದ 20 ಲಕ್ಷ ವರ್ಷಗಳಾಗಿವೆ. ನಡುವೆ ಕಾಂಗೋ ನದಿ ಹರಿಯುತ್ತಿದೆ, ಎರಡಕ್ಕೂ ಈಜು ಬಾರದು.

1996ರಲ್ಲಿ ಕಾಂಗೋದಲ್ಲಿ ಯುದ್ಧ ಶುರುವಾದಾಗ ವಾಂಬಾದ ಸಂಶೋಧಕರು ಕಾಡು ಬಿಡಬೇಕಾಯಿತು. ಹಲವು ವರ್ಷಗಳ ನಂತರ ಮರಳಿದಾಗ ಕೆಲವು ಗುಂಪುಗಳೇ ಕಣ್ಮರೆಯಾಗಿದ್ದವು. ಬಂದೂಕು, ಹಸಿವು, ಹೊರಗಿನಿಂದ ಬಂದವರು, ಇವೆಲ್ಲ ಸೇರಿ ಬೊನೊಬೊ ತಿನ್ನಬಾರದೆಂಬ ಹಳೆಯ ನಿಷೇಧವನ್ನು ಸಡಿಲಿಸಿದ್ದವು. ಕಿನ್ಶಾಸಾ ಬಳಿ ಕ್ಲೌಡೀನ್ ಆಂಡ್ರೆ ಕಟ್ಟಿದ 'ಲೋಲಾ ಯಾ ಬೊನೊಬೊ' ಆಶ್ರಯತಾಣ ಬೇಟೆಗಾರರಿಂದ ತಾಯಿ ಕಳೆದುಕೊಂಡ ಮರಿಗಳನ್ನು ಸಾಕಿ, ಕೆಲವನ್ನು ಕಾಡಿಗೆ ಮರಳಿಸಿದೆ. ಇಡೀ ಜಗತ್ತಿನಲ್ಲಿ ಬೊನೊಬೊಗಳ ಕಾಡು ಇರುವುದು ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯವೊಂದರಲ್ಲೇ. ಹೆಣ್ಣು ಬೊನೊಬೊ ಹೆರುವುದು ನಾಲ್ಕೈದು ವರ್ಷಗಳಿಗೊಮ್ಮೆ, ಒಂದೇ ಒಂದು ಮರಿಯನ್ನು.