ಆಕಾಶಕ್ಕೂ ಬೇಲಿ ಇದೆ: ಹೆಲ್ಸಿಂಕಿ–ಟೋಕಿಯೊ ವಿಮಾನದ ಕತೆ

ಪಕ್ಕದವರ ಹೊಲದಲ್ಲಿ ಕಾಲುದಾರಿ ಇದ್ದರೆ ಹತ್ತು ನಿಮಿಷದಲ್ಲಿ ನಮ್ಮ ತೋಟ ಮುಟ್ಟುತ್ತೇವೆ. ಜಗಳವಾಗಿ ಅವರು ಬೇಲಿ ಹಾಕಿಬಿಟ್ಟರೆ ಊರೆಲ್ಲ ಸುತ್ತಿ ಹೋಗಬೇಕು. ತೋಟ ಇದ್ದಲ್ಲೇ ಇರುತ್ತದೆ, ನಡಿಗೆ ಮಾತ್ರ ಹೆಚ್ಚುತ್ತದೆ. ಆಕಾಶದಲ್ಲೂ ಇದೇ ಕತೆ.

ಯುರೋಪಿನ ಫಿನ್‌ಲ್ಯಾಂಡ್ ದೇಶದ ರಾಜಧಾನಿ ಹೆಲ್ಸಿಂಕಿ. ಅಲ್ಲಿಂದ ಜಪಾನಿನ ಟೋಕಿಯೊಗೆ ನೇರವಾಗಿ ಸುಮಾರು 7,800 ಕಿ.ಮೀ. ಈ ನೇರ ದಾರಿಯ ಬಹುಪಾಲು ಇರುವುದು ರಷ್ಯಾದ ಮೇಲೆ.

ಆಕಾಶಕ್ಕೆ ಯಾರ ಪಹಣಿ ಇದೆ ಅಂತ ನೀವು ಕೇಳಬಹುದು. 1944ರಲ್ಲಿ ಅಮೆರಿಕದ ಶಿಕಾಗೋದಲ್ಲಿ ಹಲವು ದೇಶಗಳು ಸೇರಿ ಒಂದು ಒಪ್ಪಂದ ಮಾಡಿಕೊಂಡವು. ತನ್ನ ನೆಲದ ಮೇಲಿನ ಆಕಾಶಕ್ಕೆ ಆಯಾ ದೇಶವೇ ಒಡೆಯ ಎಂಬುದನ್ನು ಅದು ಒಪ್ಪಿಕೊಂಡಿತು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಸೋವಿಯತ್ ಒಕ್ಕೂಟಕ್ಕೂ ಅಮೆರಿಕದ ಬಣಕ್ಕೂ ಶೀತಲ ಸಮರ ಶುರುವಾಯಿತು. ಸೋವಿಯತ್ ಆಕಾಶ ಹೊರಗಿನ ವಿಮಾನಗಳಿಗೆ ಹೆಚ್ಚುಕಡಿಮೆ ಮುಚ್ಚಿಹೋಯಿತು. ಹಾಗಾಗಿ 1957ರಲ್ಲಿ ಎಸ್‌ಎಎಸ್ ಎಂಬ ಯುರೋಪಿನ ಕಂಪನಿ ಉತ್ತರ ಧ್ರುವದ ಕಡೆಯಿಂದ ಸುತ್ತಿ, ಅಲಾಸ್ಕಾದ ಆಂಕರೇಜ್‌ನಲ್ಲಿ ಇಳಿದು, ಕೋಪನ್‌ಹೇಗನ್‌ನಿಂದ ಟೋಕಿಯೊಗೆ ವಿಮಾನ ಬಿಟ್ಟಿತು. ಪ್ರಯಾಣಕ್ಕೆ ಸುಮಾರು 32 ಗಂಟೆ.

1983ರ ಏಪ್ರಿಲ್‌ನಲ್ಲಿ ಫಿನ್‌ಲ್ಯಾಂಡಿನ ಫಿನ್‌ಏರ್ ಕಂಪನಿ ಧ್ರುವದ ಮೇಲೆಯೇ ಹಾದು, ಎಲ್ಲೂ ಇಳಿಯದೆ, ಸುಮಾರು 13 ಗಂಟೆಯಲ್ಲಿ ಟೋಕಿಯೊ ತಲುಪಿತು. ಅಷ್ಟು ಸುತ್ತು ಯಾಕೆ ಬೇಕಿತ್ತು ಎನ್ನುವುದು ಅದೇ ವರ್ಷ ಸೆಪ್ಟೆಂಬರ್ 1ರಂದು ಜಗತ್ತಿಗೇ ಗೊತ್ತಾಯಿತು. ಆಂಕರೇಜ್‌ನಿಂದ ದಕ್ಷಿಣ ಕೊರಿಯಾದ ಸೋಲ್‌ಗೆ ಹೊರಟಿದ್ದ ಪ್ರಯಾಣಿಕರ ವಿಮಾನವೊಂದು ದಾರಿ ತಪ್ಪಿ ಸೋವಿಯತ್ ಆಕಾಶದೊಳಗೆ ಹೋಯಿತು. ಸೋವಿಯತ್ ಯುದ್ಧವಿಮಾನ ಅದನ್ನು ಹೊಡೆದು ಕೆಡವಿತು. ಒಳಗಿದ್ದ 269 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ಶೀತಲ ಸಮರ ಮುಗಿದ ಮೇಲೆ ಸೈಬೀರಿಯಾದ ದಾರಿ ಸಲೀಸಾಯಿತು. ಅದೂ ಪುಕ್ಕಟೆ ಅಲ್ಲ, ಮೇಲೆ ಹಾರುವುದಕ್ಕೆ ರಷ್ಯಾ ಶುಲ್ಕ ವಸೂಲಿ ಮಾಡುತ್ತಿತ್ತು. ಆದರೂ ಪ್ರಯಾಣ ಒಂಬತ್ತೂವರೆ ಗಂಟೆಗೆ ಇಳಿದದ್ದರಿಂದ ಲಾಭವೇ ಇತ್ತು. ಏಷ್ಯಾಕ್ಕೆ ಹತ್ತಿರದ ದಾರಿ ನಮ್ಮದು ಎಂದು ಹೇಳಿಕೊಂಡೇ ಫಿನ್‌ಏರ್ ವ್ಯಾಪಾರ ಬೆಳೆಸಿತು.

2022ರ ಫೆಬ್ರುವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ಯುದ್ಧಕ್ಕೆ ಹೋಯಿತು. ಯುರೋಪಿನ ದೇಶಗಳು ರಷ್ಯಾದ ವಿಮಾನಗಳನ್ನು ತಡೆದವು, ರಷ್ಯಾ ಅವರ ವಿಮಾನಗಳನ್ನು ತಡೆಯಿತು. ಮಾರ್ಚ್‌ನಲ್ಲಿ ಫಿನ್‌ಏರ್ ಮತ್ತೆ ಧ್ರುವದ ದಾರಿ ಹಿಡಿಯಿತು. ಮತ್ತೆ ಅದೇ ಸುಮಾರು 13 ಗಂಟೆ! ಸುಮಾರು 40 ವರ್ಷಗಳಲ್ಲಿ ಎಷ್ಟೋ ಒಳ್ಳೆಯ ವಿಮಾನಗಳು ಬಂದಿದ್ದವು. ಆದರೆ ದಾರಿಯೇ ಇಲ್ಲದಿದ್ದರೆ ಒಳ್ಳೆಯ ವಿಮಾನ ತಾನೇ ಏನು ಮಾಡೀತು?

ಸುತ್ತು ಹೆಚ್ಚಿದರೆ ಇಂಧನ ಹೆಚ್ಚು, ಸಿಬ್ಬಂದಿಯ ದುಡಿಮೆ ಹೆಚ್ಚು. ಆ ಖರ್ಚಿನ ಭಾರ ಕೊನೆಗೆ ಟಿಕೆಟ್ ಕೊಳ್ಳುವವರ ಮೇಲೂ ಬೀಳುತ್ತದೆ.

ಇದು ದೂರದ ದೇಶದ ಮಾತು ಮಾತ್ರ ಅಲ್ಲ. 2019ರಲ್ಲಿ ಬಾಲಾಕೋಟ್ ದಾಳಿಯ ನಂತರ ಪಾಕಿಸ್ತಾನ ಜುಲೈವರೆಗೆ ತನ್ನ ಆಕಾಶ ಮುಚ್ಚಿತ್ತು. 2025ರ ಏಪ್ರಿಲ್‌ನಲ್ಲಿ ಭಾರತದ ವಿಮಾನಗಳಿಗೆ ಮತ್ತೆ ಮುಚ್ಚಿತು, ಭಾರತವೂ ಅವರ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿತು. ದೆಹಲಿಯಿಂದ ಯುರೋಪ್, ಅಮೆರಿಕಕ್ಕೆ ಹೋಗುವ ನಮ್ಮ ವಿಮಾನಗಳು ಅರಬ್ಬಿ ಸಮುದ್ರದ ಕಡೆಯಿಂದ ಸುತ್ತಬೇಕಾಯಿತು.

ಎರಡು ಊರುಗಳ ನಡುವೆ ಎಷ್ಟು ಕಿಲೋಮೀಟರ್ ಎಂದು ಫೋನ್ ಹೇಳುತ್ತದೆ. ಎಷ್ಟು ಹೊತ್ತು ಬೇಕು ಎನ್ನುವುದು ಮಾತ್ರ ನಡುವಿನ ದೇಶಗಳು ಹೇಗಿವೆ ಎನ್ನುವುದರ ಮೇಲೆ ನಿಂತಿದೆ.