ಸರ್ಕಾರಿ ರಜೆ ಬೇರೆ, ಕಾರ್ಖಾನೆ ರಜೆ ಬೇರೆ: ಪಗಾರ ಸಹಿತ ರಜೆ ಎಷ್ಟು ಸಿಗಬೇಕು?

ಹಾವೇರಿ: ಕನಕ ಜಯಂತಿ ದಿನ ಡಿಸಿ ಕಚೇರಿ, ತಹಶೀಲ್ದಾರ್ ಕಚೇರಿ, ಶಾಲೆ ಎಲ್ಲಾ ಬಂದ್. ಕನಕದಾಸರ ಬಾಡ ಇರೋದೇ ನಮ್ಮ ಜಿಲ್ಲೆಯಲ್ಲಿ. ಆದರೂ ಅವತ್ತು ರಾಣೆಬೆನ್ನೂರಿನ ಮಿಲ್ಲು, ಬ್ಯಾಡಗಿಯ ಕೋಲ್ಡ್ ಸ್ಟೋರೇಜ್‌ಗಳಲ್ಲಿ ಕೆಲಸ ನಡೆದಿರುತ್ತೆ. 'ಸರ್ಕಾರಿ ರಜೆ ಐತಲ್ರೀ, ನಮಗ್ಯಾಕ ಇಲ್ಲ?' ಅಂತ ಕೇಳುವವರು ಬಹಳ ಮಂದಿ.

ಕಾರಣ ಇಷ್ಟೇ. ಸರ್ಕಾರ ವರ್ಷಾ ಹೊರಡಿಸುವ ರಜಾ ಪಟ್ಟಿ ಕಚೇರಿಗಳಿಗೆ. ಕಾರ್ಖಾನೆ, ಅಂಗಡಿಗಳ ಕೆಲಸಗಾರರಿಗೆ ಇರೋದು ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ 1963ರ ರಾಜ್ಯ ಕಾಯ್ದೆ. ಇದರ ಪ್ರಕಾರ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಕಡ್ಡಾಯ. ಇವುಗಳ ಜೊತೆ ಇನ್ನೂ 5 ಹಬ್ಬದ ರಜೆ. ಒಟ್ಟು 10 ದಿನ, ಪಗಾರ ಕಡಿತ ಇಲ್ಲ. ಆ ಐದರಲ್ಲಿ ಯುಗಾದಿ, ದೀಪಾವಳಿ, ರಂಜಾನ್ ಯಾವುದು ಬೇಕು ಅನ್ನೋದನ್ನ ಮಾಲೀಕರು, ಕೆಲಸಗಾರರು ಕೂಡಿ ಮಾತಾಡಿಕೊಳ್ಳಬೇಕು. ಕನಕ ಜಯಂತಿ ಬೇಕು ಅನ್ನುವವರು ಆವಾಗಲೇ ಕೇಳಬೇಕು.

ಬ್ಯಾಡಗಿ ಮೆಣಸಿನಕಾಯಿ ಸೀಸನ್‌ನಲ್ಲಿ ಸೋಮವಾರ, ಗುರುವಾರ ಪೇಟೆ ಜೋರು. ಅವತ್ತೇ ರಜೆ ಬಂದು ಕೆಲಸ ಮಾಡಿಸಿದ್ರೆ ಎರಡು ದಾರಿ ಅದಾವ: ಡಬಲ್ ಪಗಾರ, ಇಲ್ಲಾ ಅವತ್ತಿನ ಪಗಾರದ ಜೊತೆಗೆ ಬೇರೆ ದಿನ ಪಗಾರ ಸಹಿತ ರಜೆ. ದಿನಕ್ಕೆ 500 ರೂ. ಇದ್ದವರಿಗೆ 1000 ರೂ. ಬರಬೇಕು. ಮತದಾನದ ದಿನದ ರಜೆಗೂ ಪಗಾರ ಹಿಡಿಯುವಂಗಿಲ್ಲ, ಅದು ಚುನಾವಣಾ ಕಾಯ್ದೆಯ ಮಾತು.

ಇದಲ್ಲದೆ ವಾರ್ಷಿಕ ಗಳಿಕೆ ರಜೆ ಬೇರೆ ಇದೆ. ಕೆಲಸ ಮಾಡಿದ ಪ್ರತಿ 20 ದಿನಕ್ಕೆ 1 ದಿನ. ವರ್ಷಕ್ಕೆ 280 ದಿನ ದುಡಿದವರಿಗೆ 14 ದಿನ. 1948ರ ಕಾರ್ಖಾನೆ ಕಾಯ್ದೆಯಲ್ಲಿ ಇದಕ್ಕೆ ವರ್ಷದಲ್ಲಿ ಕನಿಷ್ಠ 240 ದಿನ ಹಾಜರಿ ಬೇಕಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೇಂದ್ರದ ಕಾರ್ಮಿಕ ಸಂಹಿತೆಯಲ್ಲಿ ಅದು 180ಕ್ಕೆ ಇಳಿದಿದೆ. ಸೀಸನ್ ಮೇಲೆ ನಡೆಯುವ ನಮ್ಮ ಕಡೆಯ ಮಿಲ್ಲುಗಳಿಗೆ ಇದು ದೊಡ್ಡ ಬದಲಾವಣೆ. ಉಳಿದ ರಜೆ 30 ದಿನದವರೆಗೆ ಮುಂದಿನ ವರ್ಷಕ್ಕೆ ಹೋಗುತ್ತೆ.

ನಡುವೆ ಕೆಲಸ ಬಿಟ್ಟರೂ ಗಳಿಸಿದ ರಜೆಯ ದುಡ್ಡು ಬರಬೇಕು, ಪೂರ್ತಿ ಹಾಜರಿ ಆಗಿರದಿದ್ದರೂ. ಡಿಗ್ರಿ ಬಿಟ್ಟ ಮೇಲೆ ನಾನೂ ಒಂದು ಮಿಲ್ಲಿನಲ್ಲಿ ಏಳು ತಿಂಗಳು ದುಡಿದೆ. ಬಿಡುವಾಗ ಕೈಗೆ ಬಂದದ್ದು ಬಾಕಿ ಪಗಾರ ಅಷ್ಟೇ. ಲೆಕ್ಕ ಹಾಕಿದ್ರೆ ಎಂಟು ದಿನದ ದುಡ್ಡು ಹೋಯ್ತು. ಕೇಳಬೇಕು ಅನ್ನೋದೇ ಗೊತ್ತಿರಲಿಲ್ಲ.

ಎಪಿಎಂಸಿ ಹಮಾಲರ ಕಥೆ ಬೇರೆ. ಅವರದು ಚೀಲದ ಲೆಕ್ಕ, ಪೇಟೆ ಬಂದ್ ಆದ್ರೆ ಕೂಲಿನೂ ಬಂದ್.

ಅಂಗಡಿಕಾರರ ಗಮನಕ್ಕೆ: ನಿಮ್ಮಲ್ಲಿ ಕೆಲಸಕ್ಕಿರುವ ಹುಡುಗರಿಗೂ ವಾರಕ್ಕೊಂದು ದಿನ ಪಗಾರ ಸಹಿತ ರಜೆ ಕೊಡಬೇಕು. 10 ದಿನದ ರಜೆ ಪಟ್ಟಿ ಎಲ್ಲರಿಗೂ ಕಾಣುವಂಗೆ ಗೋಡೆಗೆ ಹಚ್ಚಿಡಿ.

ರಜೆ ಪಗಾರ ಕೊಡದಿದ್ರೆ ಕಾರ್ಮಿಕ ನಿರೀಕ್ಷಕರ ಕಚೇರಿಗೆ ಅರ್ಜಿ ಕೊಡಬಹುದು. ಹಾಜರಿ ಕಾರ್ಡ್, ಪಗಾರ ಚೀಟಿಯ ಝೆರಾಕ್ಸ್ ಜೊತೆಗಿರಲಿ. ಚೀಟಿ ಕೊಡದ ಕಡೆ ಇದ್ದರೆ ದಿನಾ ಹಾಜರಿಯನ್ನು ನೀವೇ ಡೈರಿಯಲ್ಲಿ ಬರೆದಿಡಿ.